ನಂಜನಗೂಡಿನ ರಕ್ತ, ಮೈಸೂರಿನ ಲೆಕ್ಕ

ನಂಜನಗೂಡಿನಲ್ಲಿ ಕೊಟ್ಟ ರಕ್ತ ಅಂದು ಸಂಜೆಗೆ ನಂಜನಗೂಡಿನಲ್ಲಿ ಇರುವುದಿಲ್ಲ. ಕಾಲೇಜಿನ ಸಭಾಂಗಣದಲ್ಲೋ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲೋ ಶಿಬಿರ ನಡೆಯುತ್ತದೆ. ದಾನಿಗಳು ಜ್ಯೂಸ್ ಕುಡಿದು, ಬಿಸ್ಕತ್ತು ತಿಂದು, ಸರ್ಟಿಫಿಕೇಟ್ ಹಿಡಿದು ಫೋಟೊ ತೆಗೆಸಿಕೊಂಡು ಮನೆ ಸೇರುವಷ್ಟರಲ್ಲಿ ಅವರ ರಕ್ತ ಸುಮಾರು 25 ಕಿಲೋಮೀಟರ್ ದೂರದ ಮೈಸೂರು ಮುಟ್ಟಿರುತ್ತದೆ. ತಿ. ನರಸೀಪುರದ ಶಿಬಿರದ್ದೂ ಇದೇ ಕಥೆ. ಆ ರಕ್ತ ಮತ್ತೆ ತಾಲ್ಲೂಕಿಗೆ ಬಂದರೆ ಬರುವುದು ಕೆಲವು ದಿನಗಳ ಮೇಲೆ, ಬೇರೆ ರೂಪದಲ್ಲಿ, ಬೇರೆ ಪೆಟ್ಟಿಗೆಯಲ್ಲಿ. ನಂಜನಗೂಡಿನವರು ಕೊಟ್ಟದ್ದು ನರಸೀಪುರದ ಬಾಣಂತಿಗೆ ಹೋಗಬಹುದು. ನರಸೀಪುರದವರದು ಮೈಸೂರಿನ ಕೆ.ಆರ್. ಆಸ್ಪತ್ರೆಯ ಅಪಘಾತದ ವಾರ್ಡಿಗೆ ಹೋಗಬಹುದು.

ಇಷ್ಟು ಸುತ್ತಾಟ ಯಾಕೆಂದರೆ ನಮ್ಮ ಕಾನೂನಿನ ಲೆಕ್ಕದಲ್ಲಿ ರಕ್ತವೂ ಒಂದು ಔಷಧ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯಡಿ ಪರವಾನಗಿ ಪಡೆದ ಕೇಂದ್ರ ಮಾತ್ರ ಅದನ್ನು ಸಂಗ್ರಹಿಸಿ, ಪರೀಕ್ಷಿಸಿ, ಹಂಚಬಹುದು. 2020ರ ಮಾರ್ಚ್‌ನಲ್ಲಿ ನಿಯಮ ತಿದ್ದಿ ‘ಬ್ಲಡ್ ಬ್ಯಾಂಕ್’ ಎಂಬುದನ್ನು ‘ರಕ್ತ ಕೇಂದ್ರ’ ಎಂದು ಮಾಡಿದರು. ಜನ ಮಾತ್ರ ಬ್ಲಡ್ ಬ್ಯಾಂಕ್ ಎಂದೇ ಅನ್ನುತ್ತಾರೆ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆಯದು, ಜೆಎಸ್‌ಎಸ್ ಆಸ್ಪತ್ರೆಯದು, ಜೀವಧಾರ ಹೀಗೆ ಹಲವು ಕೇಂದ್ರಗಳಿವೆ. ತಾಲ್ಲೂಕು ಆಸ್ಪತ್ರೆಗಳಿಗೆ ನಿಯಮ ಮಾಡಿಕೊಟ್ಟಿರುವ ಅನುಕೂಲವೆಂದರೆ ರಕ್ತ ಶೇಖರಣಾ ಘಟಕ. ವರ್ಷಕ್ಕೆ 2,000 ಯೂನಿಟ್ ದಾಟದ ಇಂಥ ಘಟಕ ತಾನು ದಾನಿಯಿಂದ ರಕ್ತ ತೆಗೆಯುವಂತಿಲ್ಲ. ಪರವಾನಗಿಯುಳ್ಳ ತಾಯಿ ಕೇಂದ್ರದಿಂದ ಪರೀಕ್ಷೆಯಾಗಿ ಬಂದದ್ದನ್ನು ಫ್ರಿಜ್‌ನಲ್ಲಿಟ್ಟು, ರೋಗಿಯ ರಕ್ತದೊಂದಿಗೆ ತಾಳೆ ನೋಡಿ (ಕ್ರಾಸ್ ಮ್ಯಾಚ್ ಮಾಡಿ) ಕೊಡುವುದಷ್ಟೇ ಅದರ ಪಾಲು.

ಎರಡು ಊರು, ಒಂದೆರಡು ವಾಹನ, ಹತ್ತಾರು ಕೈ ದಾಟುವ ಈ ಸರಕಿನ ಮೇಲೆ ಕಣ್ಣಿಟ್ಟು ಕೂರುವುದು ಕಂಪ್ಯೂಟರಿನ ಕೆಲಸ. ಯಾಂತ್ರೀಕರಣ ಎಂದೊಡನೆ ರೋಬಾಟ್ ಬಂದು ಸೂಜಿ ಚುಚ್ಚುತ್ತದೆ ಎಂದುಕೊಳ್ಳಬೇಡಿ. ನರ ಹುಡುಕುವುದು, ಚುಚ್ಚುವುದು, ‘ತಲೆ ಸುತ್ತುತ್ತಾ ಅಣ್ಣ?’ ಎಂದು ಕೇಳುವುದು ಇವತ್ತಿಗೂ ಮನುಷ್ಯರೇ. ಯಂತ್ರಕ್ಕೆ ವಹಿಸಿರುವುದು ಮನುಷ್ಯ ಎಡವುವ ಕೆಲಸಗಳನ್ನು: ತೂಗುವುದು, ನಕಲು ಮಾಡುವುದು, ದಿನಾಂಕ ನೆನಪಿಡುವುದು, ಒಂದರ ಬದಲು ಇನ್ನೊಂದು ಆಗದಂತೆ ನೋಡಿಕೊಳ್ಳುವುದು.

ಹೆಸರು ಬೇಡ, ನಂಬರ್ ಸಾಕು

ಈ ಸೀಮೆಯ ಯಾವುದಾದರೂ ಶಿಬಿರದ ಪಟ್ಟಿ ತೆಗೆದು ನೋಡಿ. ಮಹದೇವಸ್ವಾಮಿ, ನಂಜುಂಡಸ್ವಾಮಿ, ಸಿದ್ದರಾಜು, ಮಹೇಶ, ಮತ್ತೊಬ್ಬ ಮಹದೇವಸ್ವಾಮಿ. ಒಂದು ಕಡೆ ಶ್ರೀಕಂಠೇಶ್ವರ, ಇನ್ನೊಂದು ಕಡೆ ಮಲೆ ಮಹದೇಶ್ವರ, ಇಬ್ಬರ ಒಕ್ಕಲೂ ತುಂಬಿರುವ ನಾಡಿನಲ್ಲಿ ಹೆಸರು ಹಿಡಿದು ಮನುಷ್ಯನನ್ನು ಗುರುತಿಸಲು ಹೊರಟರೆ ಸಂಜೆಯಾಗುತ್ತದೆ. ತಂದೆಯ ಹೆಸರು ಕೇಳೋಣವೆಂದರೆ ಅದೂ ಮಹದೇವಯ್ಯ. ಇನಿಷಿಯಲ್ ಆಧಾರ್‌ನಲ್ಲಿ ಹಿಂದೆ, ಕಾಲೇಜಿನ ದಾಖಲೆಯಲ್ಲಿ ಮುಂದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಒಬ್ಬನೇ ಸಿದ್ದರಾಜು ನಾಲ್ಕು ಬಗೆಯಾಗುತ್ತಾನೆ. ಕಂಪ್ಯೂಟರಿಗೆ ಆ ನಾಲ್ವರೂ ಬೇರೆ ಬೇರೆ ದಾನಿಗಳು.

ಆದ್ದರಿಂದಲೇ ರಕ್ತದ ಚೀಲದ ಮೇಲೆ ದಾನಿಯ ಹೆಸರು ಇರುವುದಿಲ್ಲ. ಇರುವುದು ಒಂದು ನಂಬರ್, ಅದರ ಬಾರ್‌ಕೋಡ್. ಒಂದೇ ನಂಬರಿನ ಸ್ಟಿಕ್ಕರ್‌ಗಳ ಒಂದು ಹಾಳೆ ಬರುತ್ತದೆ. ಒಂದನ್ನು ದಾನಿ ತುಂಬಿದ ಅರ್ಜಿಗೆ, ಒಂದನ್ನು ಮುಖ್ಯ ಚೀಲಕ್ಕೆ, ಅದಕ್ಕೆ ನಳಿಕೆಯಿಂದ ಜೋಡಿಸಿರುವ ಮರಿ ಚೀಲಗಳಿಗೆ ಒಂದೊಂದನ್ನು, ಪರೀಕ್ಷೆಗೆ ಹೋಗುವ ಸ್ಯಾಂಪಲ್ ಟ್ಯೂಬುಗಳಿಗೆ ಒಂದೊಂದನ್ನು ಅಂಟಿಸುತ್ತಾರೆ. ಇದನ್ನು ದಾನಿ ಮಲಗಿರುವ ಮಂಚದ ಪಕ್ಕದಲ್ಲೇ, ಒಬ್ಬರದು ಮುಗಿದ ಮೇಲೆ ಇನ್ನೊಬ್ಬರದು ಎಂಬಂತೆ ಮಾಡಬೇಕು. ಗದ್ದಲ ಹೆಚ್ಚಾಯಿತೆಂದು ಹತ್ತು ಚೀಲ, ಇಪ್ಪತ್ತು ಟ್ಯೂಬಿಗೆ ಮೊದಲೇ ಅಂಟಿಸಿ ಸಾಲಾಗಿ ಜೋಡಿಸಿಟ್ಟುಕೊಂಡರೆ ಮುಂದಿನ ಯಂತ್ರಗಳು ಆ ತಪ್ಪನ್ನು ಹಿಡಿಯುವುದು ಕಷ್ಟ. ಒಬ್ಬರ ಚೀಲಕ್ಕೆ ಇನ್ನೊಬ್ಬರ ಟ್ಯೂಬು ಸೇರಿದರೆ, ಕಂಪ್ಯೂಟರು ಅಷ್ಟೇ ನಿಷ್ಠೆಯಿಂದ ತಪ್ಪು ಗುಂಪನ್ನು ತಪ್ಪು ಚೀಲದ ಮೇಲೆ ಅಚ್ಚುಹಾಕುತ್ತದೆ. ಶಿಬಿರ ನಡೆಸುವವರು ‘ಇನ್ನೂರು ಯೂನಿಟ್ ಮಾಡೇ ಬಿಡೋಣ’ ಎಂದು ದಾಖಲೆಗೆ ಬೀಳುವುದು ನನಗೆ ಹಿಡಿಸದಿರುವುದು ಇದೇ ಕಾರಣಕ್ಕೆ.

ಈ ನಂಬರಿಗೆ ಜಗತ್ತು ಒಪ್ಪಿಕೊಂಡಿರುವ ಮಾದರಿಯ ಹೆಸರು ಐಎಸ್‌ಬಿಟಿ 128. ರೂಪುಗೊಂಡದ್ದು 1994ರಲ್ಲಿ. ದಾನದ ನಂಬರಿನಲ್ಲಿ 13 ಅಕ್ಷರ: ಮೊದಲ ಐದು ಕೇಂದ್ರದ ಗುರುತು, ಮುಂದಿನ ಎರಡು ಇಸವಿ, ಉಳಿದ ಆರು ಆ ವರ್ಷದ ಸರಣಿ ಸಂಖ್ಯೆ. ಹೀಗಾಗಿ ಬೇರೆ ಬೇರೆ ದೇಶದ ಎರಡು ಚೀಲಗಳಿಗೂ ಒಂದೇ ನಂಬರ್ ಬರುವಂತಿಲ್ಲ. ಪಕ್ಕದಲ್ಲಿ ಒಂದು ಚೌಕದೊಳಗೆ ತಾಳೆ ಅಕ್ಷರ ಇರುತ್ತದೆ. ಅದು ಹಿಂದಿನ ಅಷ್ಟೂ ಅಕ್ಷರಗಳನ್ನು ಲೆಕ್ಕ ಹಾಕಿ ಬರುವಂಥದ್ದು. ಬಾರ್‌ಕೋಡ್ ಹರಿದು ಕೈಯಲ್ಲಿ ಟೈಪ್ ಮಾಡಬೇಕಾಗಿ ಬಂದಾಗ ಒಂದು ಅಂಕಿ ತಪ್ಪಿದರೂ, ಎರಡು ಅಂಕಿ ಅದಲು ಬದಲಾದರೂ ತಾಳೆ ಬೀಳದೆ ಕಂಪ್ಯೂಟರ್ ತಗಾದೆ ತೆಗೆಯುತ್ತದೆ. ನಿಮ್ಮ ಆಧಾರ್‌ನ ಹನ್ನೆರಡನೆಯ ಅಂಕಿಯೂ ಇಂಥದ್ದೇ. ರಕ್ತದ ಗುಂಪಿಗೂ ಇದರಲ್ಲಿ ಸಂಕೇತವಿದೆ: ಓ ಪಾಸಿಟಿವ್ 5100, ಬಿ ಪಾಸಿಟಿವ್ 7300, ಓ ನೆಗೆಟಿವ್ 9500. ನಮ್ಮ ಅನೇಕ ಕೇಂದ್ರಗಳು ತಮ್ಮದೇ ಸರಣಿ ಸಂಖ್ಯೆಗೆ ಬಾರ್‌ಕೋಡ್ ಹಾಕಿಕೊಂಡು ನಡೆಸುತ್ತವೆ. ಒಳಗಿನ ಕೆಲಸಕ್ಕೆ ಅದು ಸಾಕು. ಚೀಲ ಇನ್ನೊಂದು ಕೇಂದ್ರಕ್ಕೆ ಹೋದಾಗ ಅಲ್ಲಿಯ ಸ್ಕ್ಯಾನರಿಗೆ ಅದು ಅರ್ಥವಾಗುವುದಿಲ್ಲ, ಮತ್ತೆ ಕೈಬರಹವೇ ಗತಿ.

ಯಂತ್ರಕ್ಕೆ ಬಾರ್‌ಕೋಡ್ ಇದ್ದಂತೆ ಕಣ್ಣಿಗೆ ಬಣ್ಣ ಇದೆ. ನಮ್ಮ ನಿಯಮದ ಪ್ರಕಾರ ಓ ಗುಂಪಿನ ಲೇಬಲ್ ನೀಲಿ, ಎ ಹಳದಿ, ಬಿ ಗುಲಾಬಿ, ಎಬಿ ಬಿಳಿ. ಕರೆಂಟು ಹೋಗಿ ಸ್ಕ್ಯಾನರ್ ಸತ್ತಿದ್ದರೂ ಹಳದಿ ಚೀಲದ ಸಾಲಿನಲ್ಲಿ ಗುಲಾಬಿ ಬಂದರೆ ಗೊತ್ತಾಗುತ್ತದೆ.

ಓಲಾಡುವ ತಟ್ಟೆ

ಶಿಬಿರದಲ್ಲಿ ಮೊದಲು ಬೆರಳು ಚುಚ್ಚುತ್ತಾರೆ. ಹಳೆಯ ವಿಧಾನ ಚೆಂದವಿದೆ: ನೀಲಿ ಮೈಲುತುತ್ತದ ದ್ರಾವಣಕ್ಕೆ ಒಂದು ಹನಿ ರಕ್ತ ಬಿಡುವುದು. ಆ ದ್ರಾವಣದ ಸಾಂದ್ರತೆಯನ್ನು 1.053ಕ್ಕೆ ಹದಗೊಳಿಸಿರುತ್ತಾರೆ. ಹನಿ ಹದಿನೈದು ಸೆಕೆಂಡಿನೊಳಗೆ ಮುಳುಗಿದರೆ ಹಿಮೋಗ್ಲೋಬಿನ್ 12.5 ಗ್ರಾಂ ಇದೆ ಎಂದರ್ಥ, ತೇಲಿದರೆ ಮನೆಗೆ ಹೋಗಿ ಸೊಪ್ಪು ತಿನ್ನಿ. ಈಗ ಅಂಗೈಯಗಲದ ಮೀಟರು ಬಂದಿದೆ. ಚಿಕ್ಕ ಪಟ್ಟಿಗೆ ಹನಿ ಹೀರಿಸಿ ಒಳಗಿಟ್ಟರೆ ನಿಮಿಷದೊಳಗೆ ಅಂಕಿ ಬರುತ್ತದೆ. ಮುಳುಗಿತು, ತೇಲಿತು ಎಂಬ ಉತ್ತರಕ್ಕಿಂತ 11.8 ಎಂಬ ಉತ್ತರ ಒಳ್ಳೆಯದು. ಕಳೆದ ಸಲ 13.6 ಇದ್ದವರು ಈ ಸಲ 12.6ಕ್ಕೆ ಇಳಿದಿದ್ದಾರೆ ಎಂಬುದನ್ನು ಕಂಪ್ಯೂಟರ್ ಜೋಡಿಸಿ ತೋರಿಸಿದರೆ, ಮೇಲಿಂದ ಮೇಲೆ ಕೊಡುವ ಉತ್ಸಾಹಿಗಳಿಗೆ ಎಚ್ಚರಿಕೆ ಹೇಳಬಹುದು.

ಮಂಚದ ಪಕ್ಕ ಚೀಲ ಮಲಗಿಸಿದ ತಟ್ಟೆಯೊಂದು ಜೋಕಾಲಿಯ ಹಾಗೆ ಅತ್ತಿತ್ತ ಓಲಾಡುವುದನ್ನು ಕೊಟ್ಟವರೆಲ್ಲ ನೋಡಿರುತ್ತಾರೆ. ಶಿಬಿರದ ಇಡೀ ಸಾಮಾನಿನಲ್ಲಿ ನನಗೆ ತುಂಬ ಇಷ್ಟವಾದ ಯಂತ್ರ ಅದು. 350 ಮಿಲಿಲೀಟರ್ ಚೀಲದಲ್ಲಿ ಮೊದಲೇ 49 ಮಿಲಿಲೀಟರ್ ಹೆಪ್ಪುಗಟ್ಟದಂತೆ ತಡೆಯುವ ದ್ರಾವಣ ಇರುತ್ತದೆ. ಬಂದ ರಕ್ತ ಬಂದ ಹಾಗೇ ಅದರೊಂದಿಗೆ ಬೆರೆಯಬೇಕು, ಇಲ್ಲವಾದರೆ ಮೂಲೆಯಲ್ಲಿ ಗಂಟು ಕಟ್ಟುತ್ತದೆ. ಅದಕ್ಕೆ ಈ ಓಲಾಟ. ಜೊತೆಜೊತೆಗೇ ತಟ್ಟೆಯ ಕೆಳಗಿನ ತೂಕದ ಸಂವೇದಕ ಚೀಲವನ್ನು ತೂಗುತ್ತಿರುತ್ತದೆ. ರಕ್ತ ನೀರಿಗಿಂತ ಸ್ವಲ್ಪ ಭಾರ. 350 ಮಿಲಿಲೀಟರ್ ರಕ್ತ ಸುಮಾರು 369 ಗ್ರಾಂ ತೂಗುತ್ತದೆ. ಚೀಲ ಮತ್ತು ದ್ರಾವಣದ ತೂಕ ಕಳೆದು ಅಷ್ಟಾದ ತಕ್ಷಣ ಯಂತ್ರ ತಾನೇ ನಳಿಕೆಯನ್ನು ಕಚ್ಚಿ ಹಿಡಿದು ಕೂಗುತ್ತದೆ. ರಕ್ತ ನಿಧಾನವಾದರೂ ಕೂಗುತ್ತದೆ: ಸೂಜಿ ಗೋಡೆಗೆ ತಾಗಿದೆ, ಅಥವಾ ದಾನಿ ಮುಷ್ಟಿ ಹಿಸುಕುವುದನ್ನು ಬಿಟ್ಟು ಮೊಬೈಲ್ ನೋಡುತ್ತಿದ್ದಾರೆ.

ಹಿಂದೆ ಸ್ಪ್ರಿಂಗ್ ತಕ್ಕಡಿಗೆ ಚೀಲ ತೂಗುಹಾಕಿ, ಆಗಾಗ ಕೈಯಲ್ಲಿ ಅಲ್ಲಾಡಿಸಿ, ಮುಳ್ಳು ನೋಡಿಕೊಂಡು ನಿಲ್ಲಿಸುತ್ತಿದ್ದರು. ಒಬ್ಬ ಟೆಕ್ನಿಷಿಯನ್ ನಾಲ್ಕು ಮಂಚ ನೋಡುವಾಗ ಒಂದರ ಮುಳ್ಳು ಮುಂದೆ ಹೋಗಿಯೇ ಹೋಗುತ್ತದೆ. ರಕ್ತ ಕಡಿಮೆಯಾದರೆ ದ್ರಾವಣದ ಪಾಲು ಹೆಚ್ಚಾಗಿ ಕೆಂಪು ಕಣ ಕೆಡುತ್ತದೆ. ಹೆಚ್ಚಾದರೆ ದ್ರಾವಣ ಸಾಲದೆ ಹೆಪ್ಪುಗಟ್ಟುತ್ತದೆ, ದಾನಿಗೂ ಒಳ್ಳೆಯದಲ್ಲ. 45 ಕಿಲೋ ತೂಗುವವರಿಂದ 350, 55 ಕಿಲೋ ದಾಟಿದವರಿಂದ 450 ಮಿಲಿಲೀಟರ್ ಎಂಬ ನಿಯಮ ಇರುವುದೂ ಅದಕ್ಕೇ. ಹೊಸ ಯಂತ್ರಗಳು ಚೀಲದ ಬಾರ್‌ಕೋಡ್ ಓದಿಕೊಂಡು ಯಾವಾಗ ಶುರು, ಯಾವಾಗ ಮುಗಿಯಿತು, ಎಷ್ಟು ಬಂತು ಎಂಬುದನ್ನು ಬರೆದಿಟ್ಟುಕೊಳ್ಳುತ್ತವೆ. ಹಳ್ಳಿಯ ಶಾಲೆಯ ಆವರಣದಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ಚಿಂತೆಯಿಲ್ಲ, ಮೈಸೂರು ಸೇರಿದ ಮೇಲೆ ಲೆಕ್ಕ ಒಪ್ಪಿಸುತ್ತವೆ.

ಮಧ್ಯಾಹ್ನಕ್ಕೇ ಶಿಬಿರ ಕಟ್ಟಿ ಗಾಡಿ ಹೊರಡುವುದನ್ನು ಕಂಡು ‘ಇನ್ನೂ ಹುಡುಗರು ಬರ್ತಾ ಇದ್ರಲ್ಲ ಸಾರ್’ ಎಂದು ಸಂಘಟಕರು ಬೇಸರಪಡುವುದುಂಟು. ಪ್ಲಾಸ್ಮಾ ಮತ್ತು ಪ್ಲೇಟ್‌ಲೆಟ್ ಬೇರ್ಪಡಿಸಬೇಕಾದರೆ ರಕ್ತ ತೆಗೆದ ಆರರಿಂದ ಎಂಟು ಗಂಟೆಯೊಳಗೆ ಆಗಬೇಕು. ಬೆಳಿಗ್ಗೆ ಒಂಬತ್ತರ ದಾನಿಯ ಗಡಿಯಾರ ಆಗಲೇ ಓಡುತ್ತಿರುತ್ತದೆ.

ಬೀಗ ಇರುವುದು ಪ್ರಿಂಟರಿನಲ್ಲಿ

ಮೈಸೂರಿನ ಕೇಂದ್ರದಲ್ಲಿ ಚೀಲ ಒಂದು ದಿಕ್ಕಿಗೆ, ಟ್ಯೂಬು ಇನ್ನೊಂದು ದಿಕ್ಕಿಗೆ ಹೋಗುತ್ತವೆ. ಚೀಲವನ್ನು ತಂಪು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಕೆಂಪು ಕಣ ಕೆಳಗೆ, ಹಳದಿ ಪ್ಲಾಸ್ಮಾ ಮೇಲೆ. ಹಿಂದೆ ಕೈಯಿಂದ ಒತ್ತಿ ಪ್ಲಾಸ್ಮಾವನ್ನು ಮರಿ ಚೀಲಕ್ಕೆ ಹಾಯಿಸುತ್ತಿದ್ದರು, ಎಲ್ಲಿ ನಿಲ್ಲಿಸಬೇಕೆಂಬುದು ಕಣ್ಣಂದಾಜು. ಈಗಿನ ಯಂತ್ರದಲ್ಲಿ ಬೆಳಕಿನ ಸಂವೇದಕ ಕೆಂಪು ಕಂಡ ಕೂಡಲೇ ನಳಿಕೆ ಮುಚ್ಚುತ್ತದೆ. ಇಲ್ಲಿಂದ ಒಂದೇ ದಾನಿಯ ರಕ್ತಕ್ಕೆ ಎರಡು ಮೂರು ಆಯಸ್ಸು ಶುರುವಾಗುತ್ತವೆ. ಪೋಷಕ ದ್ರಾವಣ ಸೇರಿಸಿದ ಕೆಂಪು ಕಣಕ್ಕೆ 42 ದಿನ. ಬೇರ್ಪಡಿಸದೆ ಇಟ್ಟ ರಕ್ತಕ್ಕೆ 35 ದಿನ. ಮೈನಸ್ 30 ಡಿಗ್ರಿಯಲ್ಲಿ ಗಡ್ಡೆ ಕಟ್ಟಿಸಿದ ಪ್ಲಾಸ್ಮಾಕ್ಕೆ ಒಂದು ವರ್ಷ. ಪ್ಲೇಟ್‌ಲೆಟ್‌ಗೆ ಬರೀ ಐದು ದಿನ, ಅದೂ 20ರಿಂದ 24 ಡಿಗ್ರಿಯಲ್ಲಿ ಸದಾ ಅಲುಗುತ್ತಿರಬೇಕು.

ಟ್ಯೂಬುಗಳಲ್ಲಿ ಐದು ಪರೀಕ್ಷೆ ಕಡ್ಡಾಯ: ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ. ದೊಡ್ಡ ಯಂತ್ರವಿರುವ ಕಡೆ ಟ್ಯೂಬುಗಳನ್ನು ಸ್ಟ್ಯಾಂಡಿನಲ್ಲಿ ಜೋಡಿಸಿ ಒಳಗೆ ತಳ್ಳಿದರೆ, ಅದೇ ಬಾರ್‌ಕೋಡ್ ಓದಿ, ಅದೇ ಹೀರಿ, ಬಂದ ಬಣ್ಣದ ಅಥವಾ ಬೆಳಕಿನ ಪ್ರಮಾಣ ಅಳೆದು, ಫಲಿತಾಂಶವನ್ನು ನೇರ ಕೇಂದ್ರದ ಕಂಪ್ಯೂಟರಿಗೆ ಕಳಿಸುತ್ತದೆ. ಮಧ್ಯೆ ಪೆನ್ನಿಲ್ಲ. 47ನೆಯ ಟ್ಯೂಬಿನ ಫಲಿತಾಂಶ 74ರ ಮುಂದೆ ಬೀಳುವ ಭಯ ಇಲ್ಲಿ ಹೋಗುತ್ತದೆ. ರಕ್ತದ ಗುಂಪನ್ನು ಎರಡು ದಾರಿಯಲ್ಲಿ ನೋಡುತ್ತಾರೆ. ಒಂದು ಸಲ ಕಣಗಳಿಂದ, ಇನ್ನೊಂದು ಸಲ ಪ್ಲಾಸ್ಮಾದಿಂದ. ಎರಡೂ ಒಂದೇ ಹೇಳಬೇಕು. ದಾನಿ ಹಳಬರಾಗಿದ್ದರೆ ಕಂಪ್ಯೂಟರ್ ಮೂರನೆಯ ಸಾಕ್ಷಿಯನ್ನೂ ಕರೆಯುತ್ತದೆ: ಹೋದ ಸಲ ಈ ಮನುಷ್ಯ ಬಿ ಪಾಸಿಟಿವ್ ಆಗಿದ್ದ, ಈಗ ಓ ಹೇಗಾದ? ಹಾಗಾದಾಗ ತಪ್ಪು ಬಹುತೇಕ ಪ್ರಯೋಗಾಲಯದ್ದಲ್ಲ, ಮಂಚದ ಪಕ್ಕದ ಸ್ಟಿಕ್ಕರಿನದು.

ಇಷ್ಟು ಮುಗಿಯುವವರೆಗೆ ಚೀಲ ‘ಪರೀಕ್ಷೆಯಾಗಿಲ್ಲ’ ಎಂಬ ಪ್ರತ್ಯೇಕ ಫ್ರಿಜ್‌ನಲ್ಲಿರುತ್ತದೆ. ಒಳ್ಳೆಯ ತಂತ್ರಾಂಶದ ಲಕ್ಷಣ ಯಾವುದೆಂದು ನನ್ನನ್ನು ಕೇಳಿದರೆ, ಐದೂ ಪರೀಕ್ಷೆ ಶುದ್ಧವಾಗಿ ಬಾರದೆ, ಗುಂಪು ತಾಳೆಯಾಗದೆ, ಅದು ಅಂತಿಮ ಲೇಬಲನ್ನು ಪ್ರಿಂಟ್ ಮಾಡಲು ಒಪ್ಪುವುದಿಲ್ಲ. ಡಾಕ್ಟರು ಗದರಿದರೂ, ಎಂಎಲ್‌ಎ ಕಡೆಯಿಂದ ಫೋನ್ ಬಂದರೂ ಒಪ್ಪುವುದಿಲ್ಲ. ಕಾಗದದ ರಿಜಿಸ್ಟರಿಗೆ ಆ ಗಟ್ಟಿತನ ಇರಲಿಲ್ಲ.

ಯಂತ್ರಕ್ಕೂ ಕಾಣದ ಒಂದು ಕಿಂಡಿ ಇದೆ. ಸೋಂಕು ತಗುಲಿದ ಮೊದಲ ಕೆಲವು ದಿನ ಪರೀಕ್ಷೆಯಲ್ಲಿ ಅದು ಕಾಣಿಸಿಕೊಳ್ಳುವುದಿಲ್ಲ. ವೈರಾಣುವಿನ ವಂಶತಂತುವನ್ನೇ ಹುಡುಕುವ ‘ನ್ಯಾಟ್’ ಎಂಬ ದುಬಾರಿ ಪರೀಕ್ಷೆ ಆ ದಿನಗಳನ್ನು ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ಶಿಬಿರದ ಅರ್ಜಿಯಲ್ಲಿನ ಮುಜುಗರದ ಪ್ರಶ್ನೆಗಳಿಗೆ ನಿಜ ಹೇಳಿ ಎಂದು ಒತ್ತಾಯಿಸುವುದು ಅದಕ್ಕೇ. ಸ್ನೇಹಿತರ ಮುಂದೆ ಹೇಳಲಾಗದಿದ್ದರೆ ಅಂದು ‘ಜ್ವರ ಬಂದಿತ್ತು’ ಎಂದು ಎದ್ದು ಬನ್ನಿ, ಯಾರೂ ಕೇಳುವುದಿಲ್ಲ.

ತಾಲ್ಲೂಕಿನ ಫ್ರಿಜ್

ಶೇಖರಣಾ ಘಟಕದ ಫ್ರಿಜ್ ಮನೆಯ ಫ್ರಿಜ್ ಅಲ್ಲ. ಒಳಗೆ ಫ್ಯಾನ್ ತಿರುಗುತ್ತ ಎಲ್ಲ ಅಂತಸ್ತಿನಲ್ಲೂ 2ರಿಂದ 6 ಡಿಗ್ರಿ ಕಾಯ್ದುಕೊಳ್ಳಬೇಕು, ಉಷ್ಣತೆಯನ್ನು ಸತತವಾಗಿ ಬರೆದುಕೊಳ್ಳಬೇಕು, ಮಿತಿ ದಾಟಿದರೆ ದೀಪ ಹತ್ತಿಸಿ ಕೂಗಬೇಕು. ಕೆಂಪು ಕಣ ಮಂಜುಗಡ್ಡೆಯಾದರೆ ಒಡೆದುಹೋಗುತ್ತದೆ, ಬೆಚ್ಚಗಾದರೆ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಎರಡೂ ಹೊರಗಿನಿಂದ ಸುಲಭವಾಗಿ ಕಾಣುವುದಿಲ್ಲ. ಬೇಸಿಗೆಯ ರಾತ್ರಿ ಎರಡು ಗಂಟೆಗೆ ಕರೆಂಟು ಹೋಗಿ, ಜನರೇಟರ್ ಕೈಕೊಟ್ಟು, ಬೆಳಗಿನ ಜಾವ ಮತ್ತೆ ಬಂದರೆ ಡ್ಯೂಟಿಗೆ ಬಂದವರಿಗೆ ಫ್ರಿಜ್ 4 ಡಿಗ್ರಿ ತೋರಿಸುತ್ತಿರುತ್ತದೆ. ನಡುವಿನ ಕಥೆ ಹೇಳುವುದು ಒಳಗಿಟ್ಟ ಡೇಟಾ ಲಾಗರ್ ಮಾತ್ರ. ಕೆಲವು ಲಾಗರ್‌ಗಳು ಮಿತಿ ಮೀರಿದ ತಕ್ಷಣ ಜವಾಬ್ದಾರಿ ಇರುವವರ ಮೊಬೈಲಿಗೆ ಸಂದೇಶ ಕಳಿಸುತ್ತವೆ. ತಪಾಸಣೆಗೆ ಹೋಗುವವರಿಗೆ ಒಂದು ಸುಳಿವು: ಕೈಯಲ್ಲಿ ಬರೆದ ಚಾರ್ಟಿನಲ್ಲಿ ತಿಂಗಳಿಡೀ, ಹಗಲು ರಾತ್ರಿ, ಒಂದೇ ಸಮ 4, 4, 4 ಎಂದಿದ್ದರೆ ಅಲ್ಲಿ ಯಾರೂ ಥರ್ಮಾಮೀಟರ್ ನೋಡಿಲ್ಲ. ನಿಜವಾದ ಫ್ರಿಜ್ 3.1, 4.8, 5.2 ಎಂದು ಆಡುತ್ತಲೇ ಇರುತ್ತದೆ.

ತಾಲ್ಲೂಕಿನ ಇನ್ನೊಂದು ತಲೆನೋವು ಅವಧಿ. ತಿಂಗಳಲ್ಲಿ ಎಷ್ಟು ಹೆರಿಗೆಯಲ್ಲಿ ರಕ್ತಸ್ರಾವ ಆದೀತು, ರಾಷ್ಟ್ರೀಯ ಹೆದ್ದಾರಿ 766ರಲ್ಲಿ ಎಷ್ಟು ಅಪಘಾತ ಆದೀತು ಎಂದು ಯಾರು ಬಲ್ಲರು? ಹೆಚ್ಚು ತರಿಸಿಟ್ಟರೆ ಬಳಕೆಯಾಗದೆ ದಿನ ಮುಗಿಯುತ್ತದೆ. ಕಡಿಮೆ ಇಟ್ಟರೆ ಆ ಒಂದು ರಾತ್ರಿ ಸಾಲದು. ಇಲ್ಲಿ ಕಂಪ್ಯೂಟರಿನ ಲೆಕ್ಕ ಸರಳ, ಆದರೆ ಬೆಲೆಬಾಳುವಂಥದ್ದು. ಮೊದಲು ಬಂದದ್ದಕ್ಕಿಂತ ಮೊದಲು ಅವಧಿ ಮುಗಿಯುವುದು ಮುಂದೆ. ಇನ್ನು ಹತ್ತು ಹನ್ನೆರಡು ದಿನ ಉಳಿದಿರುವ ಚೀಲವನ್ನು ತೋರಿಸಿ ಎಚ್ಚರಿಸಿದರೆ, ಅದನ್ನು ದಿನವೂ ಬಳಕೆಯಿರುವ ಮೈಸೂರಿನ ತಾಯಿ ಕೇಂದ್ರಕ್ಕೆ ಹಿಂದಿರುಗಿಸಿ ಹೊಸತು ತರಬಹುದು. ಜಾತ್ರೆ, ನರಸೀಪುರದಲ್ಲಿ ಮೂರು ವರ್ಷಕ್ಕೊಮ್ಮೆ ಬರುವ ಕುಂಭಮೇಳ, ಕಾಲೇಜುಗಳಿಗೆ ರಜೆ ಬಿದ್ದು ಶಿಬಿರಗಳೇ ಇಲ್ಲದ ಏಪ್ರಿಲ್ ಮೇ ತಿಂಗಳು, ಡೆಂಗಿಯ ಮಳೆಗಾಲ ಇವೆಲ್ಲ ಮೊದಲೇ ಗೊತ್ತಿರುವಂಥವು. ಹಿಂದಿನ ವರ್ಷಗಳ ಖರ್ಚಿನ ಪಟ್ಟಿ ಕಂಪ್ಯೂಟರಿನಲ್ಲಿದ್ದರೆ ಶಿಬಿರದ ದಿನಾಂಕವನ್ನು ಅದಕ್ಕೆ ಹೊಂದಿಸಬಹುದು. ನಾಯಕರ ಹುಟ್ಟುಹಬ್ಬಕ್ಕೆ ಹೊಂದಿಸಿದರೆ ಒಂದೇ ವಾರ ಮೂರು ಶಿಬಿರ, ಮುಂದಿನ ತಿಂಗಳು ಬರಿದು.

ಡ್ರೋನ್ ಬಗ್ಗೆ ಕೇಳುವವರು ಇದ್ದೇ ಇರುತ್ತಾರೆ. ರುವಾಂಡಾದಲ್ಲಿ 2016ರ ಅಕ್ಟೋಬರಿನಿಂದ ಜಿಪ್‌ಲೈನ್ ಕಂಪನಿಯ ಡ್ರೋನ್‌ಗಳು ಆಸ್ಪತ್ರೆಗಳಿಗೆ ರಕ್ತ ಒಯ್ಯುತ್ತಿವೆ. ವೇಗದ ಜೊತೆಗೆ ಅಲ್ಲಿ ಕಂಡ ಇನ್ನೊಂದು ಲಾಭ, ಅವಧಿ ಮೀರಿ ಹಾಳಾಗುವ ಚೀಲಗಳು ಕಡಿಮೆಯಾದದ್ದು. ಬೇಕಾದಾಗ ಬರುತ್ತದೆಂಬ ನಂಬಿಕೆ ಇದ್ದರೆ ಯಾರೂ ಕೂಡಿಡುವುದಿಲ್ಲ. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರ ಮೇ ತಿಂಗಳಲ್ಲಿ ದೆಹಲಿ ಬಳಿ ಹತ್ತು ಯೂನಿಟ್ ರಕ್ತ ಹಾರಿಸಿ ಪರೀಕ್ಷಿಸಿತು. ನಂಜನಗೂಡಿಗೆ ಒಳ್ಳೆಯ ರಸ್ತೆ ಇದೆ, ನನಗೆ ಅಲ್ಲಿ ಡ್ರೋನಿಗಿಂತ ಕೆಲಸ ಮಾಡುವ ಜನರೇಟರ್ ಮುಖ್ಯವೆನಿಸುತ್ತದೆ.

ದಾನಿ ಸಿಕ್ಕರೆ ರಕ್ತ ಸಿಕ್ಕಂತಲ್ಲ

‘ತುರ್ತು. ಓ ನೆಗೆಟಿವ್ ಬೇಕಾಗಿದೆ. ದಯವಿಟ್ಟು ಶೇರ್ ಮಾಡಿ.’ ಊರಿಲ್ಲ, ಆಸ್ಪತ್ರೆಯಿಲ್ಲ, ತಾರೀಖಿಲ್ಲ. ರೋಗಿ ಗುಣವಾಗಿ ಮನೆಗೆ ಹೋಗಿ ವರ್ಷವಾದರೂ ಈ ಸಂದೇಶ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅಲೆಯುತ್ತಿರುತ್ತದೆ. ಇದರ ಹಿಂದೆ ಒಂದು ತಪ್ಪು ಕಲ್ಪನೆ ಇದೆ: ದಾನಿ ಓಡಿ ಬಂದರೆ ಕೂಡಲೇ ರಕ್ತ ಸಿಗುತ್ತದೆ ಎಂಬುದು. ಅವರಿಂದ ತೆಗೆದ ರಕ್ತಕ್ಕೂ ಆ ಐದು ಪರೀಕ್ಷೆ ಆಗಲೇಬೇಕು, ಅದಕ್ಕೆ ಕೆಲವು ಗಂಟೆ ಹಿಡಿಯುತ್ತದೆ. ಹೆರಿಗೆಯಲ್ಲಿ ರಕ್ತ ಸುರಿಯುತ್ತಿರುವ ತಾಯಿಗೆ ಅಷ್ಟು ಹೊತ್ತಿಲ್ಲ. ಅಂಥ ಹೊತ್ತಿನಲ್ಲಿ ಬೇಕಾದದ್ದು ಈಗಾಗಲೇ ಪರೀಕ್ಷೆಯಾಗಿ ಫ್ರಿಜ್‌ನಲ್ಲಿರುವ ಚೀಲ. ಅದು ಎಲ್ಲಿದೆ ಎಂದು ತಿಳಿಸುವುದು ದಾನಿಗಳ ಪಟ್ಟಿಗಿಂತ ದೊಡ್ಡ ಉಪಕಾರ.

ಅದಕ್ಕೆಂದೇ ಕೇಂದ್ರ ಆರೋಗ್ಯ ಸಚಿವಾಲಯ 2016ರ ಏಪ್ರಿಲ್‌ನಲ್ಲಿ ‘ಇ-ರಕ್ತಕೋಶ್’ ಎಂಬ ಜಾಲತಾಣ ಆರಂಭಿಸಿತು, ರೂಪಿಸಿದ್ದು ಸರ್ಕಾರದ ಸಿ-ಡ್ಯಾಕ್ ಸಂಸ್ಥೆ. ಫೋನಿನಲ್ಲೇ ತೆರೆಯಬಹುದು, ಉಮಂಗ್ ಆ್ಯಪ್‌ನಲ್ಲೂ ಇದೆ. ರಾಜ್ಯ ಕರ್ನಾಟಕ, ಜಿಲ್ಲೆ ಮೈಸೂರು ಎಂದು ಆರಿಸಿ, ರಕ್ತದ ಗುಂಪು ಕೊಟ್ಟು, ಯಾವ ಘಟಕ ಎಂದು ಹೇಳಬೇಕು: ಪೂರ್ಣ ರಕ್ತವೇ, ಕೆಂಪು ಕಣವೇ, ಪ್ಲೇಟ್‌ಲೆಟ್ಟೇ. ಇಲ್ಲಿ ಅನೇಕರು ಎಡವುತ್ತಾರೆ. ಡಾಕ್ಟರು ಬರೆದಿರುವುದು ಕೆಂಪು ಕಣ, ಇವರು ಹುಡುಕುವುದು ಪೂರ್ಣ ರಕ್ತ, ‘ಎಲ್ಲೂ ಇಲ್ಲ’ ಎಂದು ಕಂಗಾಲು. ಪಟ್ಟಿ ಬಂದಾಗ ಯೂನಿಟ್ ಸಂಖ್ಯೆಗಿಂತ ಮೊದಲು ಅದರ ಪಕ್ಕದ ಕಾಲಂ ನೋಡಿ, ಕೊನೆಯ ಬಾರಿ ಯಾವಾಗ ಅಪ್‌ಡೇಟ್ ಆಗಿದೆ ಎಂದು. ಈ ಹೊತ್ತಿನದಾದರೆ ನಂಬಬಹುದು. ನಿನ್ನೆಯದೋ ಮೊನ್ನೆಯದೋ ಆದರೆ ಪರದೆಯ ಮೇಲಿನ ಆರು ಯೂನಿಟ್ ಆಗಲೇ ಯಾರದೋ ಮೈ ಸೇರಿರಬಹುದು. ಏನಿದ್ದರೂ ಅಲ್ಲೇ ಇರುವ ನಂಬರಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಂಡೇ ಹೊರಡಿ. ಚಿಕ್ಕ ಕೇಂದ್ರದಲ್ಲಿ ಒಬ್ಬರೇ ಟೆಕ್ನಿಷಿಯನ್ ಕ್ರಾಸ್ ಮ್ಯಾಚ್ ಮಾಡುತ್ತ, ರಿಜಿಸ್ಟರ್ ಬರೆಯುತ್ತ, ಅದನ್ನೇ ಮತ್ತೆ ಕಂಪ್ಯೂಟರಿಗೂ ತುಂಬಬೇಕೆಂದರೆ ಯಾವುದು ಹಿಂದೆ ಬೀಳುತ್ತದೆ ಎಂದು ಹೇಳಬೇಕಿಲ್ಲ. ಎರಡೆರಡು ಸಲ ಬರೆಸುವುದು ನಿಲ್ಲದೆ ಪರದೆ ನಿಜ ಹೇಳುವುದಿಲ್ಲ.

ದಾನಿಗಳ ಪಟ್ಟಿ ಬೇಡವೆಂದಲ್ಲ. ಅದರ ಇತಿಹಾಸ ಕಂಪ್ಯೂಟರಿಗಿಂತ ಹಳೆಯದು. 1921ರಲ್ಲಿ ಲಂಡನ್ನಿನ ಪರ್ಸಿ ಆಲಿವರ್ ಎಂಬ ರೆಡ್‌ಕ್ರಾಸ್ ಕಾರ್ಯಕರ್ತರು ಸ್ವಯಂಪ್ರೇರಿತ ದಾನಿಗಳ ವಿವರ ಕಾರ್ಡುಗಳಲ್ಲಿ ಬರೆದಿಟ್ಟು, ಆಸ್ಪತ್ರೆಯಿಂದ ಫೋನ್ ಬಂದಾಗ ಹತ್ತಿರದವರನ್ನು ಕಳಿಸುತ್ತಿದ್ದರು. ಇಂದಿನ ಆ್ಯಪ್‌ಗಳು ಮಾಡುವುದೂ ಇಷ್ಟನ್ನೇ. ಬಾಂಬೆ ಗುಂಪಿನಂಥ ಅಪರೂಪದ ರಕ್ತಕ್ಕೆ ಇಂಥ ಪಟ್ಟಿಯೇ ದಿಕ್ಕು. 1952ರಲ್ಲಿ ಮುಂಬೈಯಲ್ಲಿ ಮೊದಲು ಗುರುತಿಸಿದ ಈ ಗುಂಪಿನವರಿಗೆ ಓ ಗುಂಪಿನ ರಕ್ತವೂ ಆಗದು. ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್ ಅಂಥ ದಾನಿಗಳನ್ನು ಜೋಡಿಸುವ ಕೆಲಸ ಮಾಡುತ್ತ ಬಂದಿದೆ. ಆದರೆ ಹೆಸರು, ಫೋನ್ ನಂಬರ್, ಊರು ಎಲ್ಲ ಬಯಲಾಗಿ ಕಾಣುವ ಪಟ್ಟಿಗೆ ಸೇರುವ ಮುನ್ನ ಯೋಚಿಸಿ, ವಿಶೇಷವಾಗಿ ಹೆಣ್ಣುಮಕ್ಕಳು. ರಕ್ತ ಬೇಡದವರೂ ಫೋನ್ ಮಾಡುತ್ತಾರೆ. ನಂಬರ್ ಮರೆಯಲ್ಲಿಟ್ಟು, ನೀವು ಒಪ್ಪಿದ ಮೇಲಷ್ಟೇ ಸಂಪರ್ಕ ಕೊಡುವ ಏರ್ಪಾಡು ಇರುವಲ್ಲಿ ನೋಂದಾಯಿಸಿಕೊಳ್ಳುವುದು ಮೇಲು.

ಕೇಂದ್ರದ ಕಂಪ್ಯೂಟರಿನಲ್ಲಿ ನಿಮ್ಮ ವಿವರ ಒಂದೇ ಸಲ ಸರಿಯಾಗಿ ಇದ್ದರೆ ನಿಮಗೂ ಲಾಭ. ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಆದ ಮೇಲೆ ‘ಮತ್ತೆ ಕೊಡಬಹುದು’ ಎಂದು ಎಸ್‌ಎಂಎಸ್ ಬರುತ್ತದೆ. ಅದಕ್ಕೆ ಮೊದಲೇ ಇನ್ನೊಂದು ಶಿಬಿರದಲ್ಲಿ ಮಲಗಿದರೆ ತಡೆಯುತ್ತದೆ. ಸ್ವೀಡನ್ನಿನಲ್ಲಿ ರಕ್ತ ರೋಗಿಗೆ ಬಳಕೆಯಾದ ದಿನ ದಾನಿಗೆ ಸಂದೇಶ ಕಳಿಸುತ್ತಾರೆ. ನಮ್ಮಲ್ಲಿ ನಂಬರ್ ಒಂದೇ ಆಗಿರುವಾಗ ಇದೇನು ಕಷ್ಟದ ಕೆಲಸವಲ್ಲ, ಸರ್ಟಿಫಿಕೇಟಿಗಿಂತ ಹೆಚ್ಚು ಖುಷಿ ಕೊಡುತ್ತದೆ. ಪ್ರತಿ ಸಲ ಅದೇ ಮೊಬೈಲ್ ನಂಬರ್, ಅದೇ ಕಾಗುಣಿತ ಕೊಡಿ, ಹಳೆಯ ಕಾರ್ಡು ಒಯ್ಯಿರಿ.

ಚೀಲ ಹಿಡಿದು ಬರುವಾಗ

ಕೊನೆಯ ತಾಳೆ ರೋಗಿಯ ಬಳಿ. ಕೆಲವು ದೇಶಗಳಲ್ಲಿ ರೋಗಿಯ ಗುಂಪು ಎರಡು ಸಲ ಖಚಿತವಾಗಿದ್ದರೆ ಕಂಪ್ಯೂಟರೇ ಚೀಲ ಒಪ್ಪಿಸಿಬಿಡುತ್ತದೆ. ನಮ್ಮಲ್ಲಿ ರೋಗಿಯ ಸ್ಯಾಂಪಲನ್ನೂ ಚೀಲದ ರಕ್ತವನ್ನೂ ಟ್ಯೂಬಿನಲ್ಲೋ ಜೆಲ್ ಕಾರ್ಡಿನಲ್ಲೋ ಬೆರೆಸಿ ನೋಡುವ ಕ್ರಾಸ್ ಮ್ಯಾಚ್ ನಡೆದೇ ನಡೆಯುತ್ತದೆ, ನಡೆಯಬೇಕು. ಬ್ರಿಟನ್ನಿನಲ್ಲಿ 1996ರಿಂದ ರೋಗಿಗೆ ರಕ್ತ ಏರಿಸುವಾಗ ಆಗುವ ಅವಘಡಗಳ ಲೆಕ್ಕ ಇಡುತ್ತಿದ್ದಾರೆ. ಹೆಚ್ಚಿನವು ರಕ್ತದ ದೋಷದಿಂದಲ್ಲ, ಮನುಷ್ಯರ ಕೈತಪ್ಪಿನಿಂದ ಆದವು ಎಂಬುದು ಅಲ್ಲಿ ವರ್ಷ ವರ್ಷವೂ ಕಾಣುತ್ತಿದೆ. ನಮ್ಮಲ್ಲಿ 2012ರ ಡಿಸೆಂಬರಿನಲ್ಲಿ ಇಂಥದ್ದೇ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು.

ತಾಲ್ಲೂಕಿನ ಆಸ್ಪತ್ರೆಯಿಂದ ‘ಮೈಸೂರಿಗೆ ಹೋಗಿ ಬ್ಲಡ್ ತನ್ನಿ’ ಎಂದು ಕಳಿಸಿದರೆ ಬರಿಗೈಯಲ್ಲಿ ಓಡಬೇಡಿ. ವೈದ್ಯರು ಸಹಿ ಮಾಡಿದ ಬೇಡಿಕೆ ಪತ್ರ ಬೇಕು, ಅದರಲ್ಲಿ ಯಾವ ಘಟಕ, ಎಷ್ಟು ಯೂನಿಟ್ ಎಂದಿರಬೇಕು; ರೋಗಿಯ ರಕ್ತದ ಸ್ಯಾಂಪಲ್ ಬೇಕು. ಟ್ಯೂಬಿನ ಮೇಲಿನ ಹೆಸರು, ಆಸ್ಪತ್ರೆ ನಂಬರ್ ಪತ್ರದಲ್ಲಿರುವುದಕ್ಕೆ ಅಕ್ಷರ ಅಕ್ಷರ ಕೂಡಬೇಕು. ಮಹದೇವಮ್ಮ ಎಂದು ಪತ್ರದಲ್ಲಿ, ಮಾದೇವಿ ಎಂದು ಟ್ಯೂಬಿನಲ್ಲಿ ಇದ್ದರೆ ಕೇಂದ್ರದವರು ವಾಪಸು ಕಳಿಸುತ್ತಾರೆ. ಕಳಿಸುವುದೇ ಸರಿ, ಜಗಳಕ್ಕೆ ನಿಲ್ಲಬೇಡಿ. ಹೊರಡುವ ಮುನ್ನ ಆಸ್ಪತ್ರೆಯ ಬಾಗಿಲಲ್ಲೇ ಎರಡನ್ನೂ ಪಕ್ಕಪಕ್ಕ ಹಿಡಿದು ಓದಿದರೆ ಐವತ್ತು ಕಿಲೋಮೀಟರ್ ಉಳಿಯುತ್ತದೆ.

ಕೆಂಪು ಕಣದ ಚೀಲ ಕೊಟ್ಟಾಗ ಅದರ ಲೇಬಲ್, ಗುಂಪು, ಅವಧಿಯ ದಿನಾಂಕ ಓದಿ, ಜೊತೆಗೆ ಕೊಡುವ ಕ್ರಾಸ್ ಮ್ಯಾಚ್ ವರದಿಯ ನಂಬರಿಗೆ ತಾಳೆ ನೋಡಿ. ತಂಪು ಪೆಟ್ಟಿಗೆಯಲ್ಲೇ ಒಯ್ಯಿರಿ. ಚೀಲವನ್ನು ನೇರ ಐಸಿನ ಮೇಲೆ ಇಡಬಾರದು, ಮಧ್ಯೆ ದಪ್ಪ ಬಟ್ಟೆಯೋ ರಟ್ಟೋ ಇರಲಿ. ದಾರಿಯಲ್ಲಿ ಪರಿಚಯದವರ ಬೇಕರಿ ಫ್ರಿಜ್‌ನಲ್ಲಿಡುವ ಉಪಾಯ ಬೇಡ. ತಲುಪಿದ ಕೂಡಲೇ ನರ್ಸಿಗೆ ಒಪ್ಪಿಸಿ. ಅಂದು ಬೇಡವೆನಿಸಿದರೆ ಅದನ್ನು ವಾರ್ಡಿನ ಔಷಧದ ಫ್ರಿಜ್‌ಗೆ ಸೇರಿಸಲು ಬಿಡದೆ ಶೇಖರಣಾ ಘಟಕಕ್ಕೋ ಕೊಟ್ಟ ಕೇಂದ್ರಕ್ಕೋ ಫೋನ್ ಮಾಡಿ ಕೇಳಿ. ತಂಪಿನಿಂದ ಹೊರಬಂದು ಅರ್ಧ ಗಂಟೆ ಮೀರಿದ ಚೀಲವನ್ನು ಅವರು ಮತ್ತೆ ದಾಸ್ತಾನಿಗೆ ತೆಗೆದುಕೊಳ್ಳುವುದಿಲ್ಲ.